ತಣ್ಣಗಾದರೆ ಮಾತ್ರ ಓಡುವ ಪಂಪು

ಬಂಗಾರಪೇಟೆ ಹೊರಗಿನ ಒಂದು ದ್ರವ ಸಾರಜನಕದ ಘಟಕದಲ್ಲಿ ನಾನು ಪಂಪು ನೋಡಿಕೊಳ್ಳುವವನು. ಈ ವಾರ ಸುಮ್ಮನೆ ಕಳೆಯಿತಪ್ಪಾ ಅನ್ನುವಷ್ಟರಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಊರಿನ ಯಂತ್ರಗಳೆಲ್ಲ ಬಿಸಿಯಾದ ಮೇಲೆ ಚೆನ್ನಾಗಿ ಓಡುತ್ತವೆ, ನನ್ನದಕ್ಕೆ ಮೊದಲು ಮೈ ತಣ್ಣಗಾಗಬೇಕು. ಅವಸರಪಟ್ಟರೆ ದ್ರವ ಒಳಗೇ ಕುದಿದು, ಗುಳ್ಳೆ ಎದ್ದು ಒಡೆದು, ಜಲ್ಲಿ ಅರೆದ ಸದ್ದು ಬರುತ್ತದೆ. ಹಾಗೇ ಓಡಿಸಿದರೆ ಒಳಗಿನ ಚಕ್ರ ಹಾಳು.

೧. ಕಂಬಳಿ

ನಮ್ಮ ವಾಚ್‌ಮನ್ ಹಿಂದೆ ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನಲ್ಲಿ ನೆಲದಡಿ ನೀರೆತ್ತುವ ಪಂಪು ಓಡಿಸಿದವರು. ಬಂದ ಹೊಸತರಲ್ಲಿ ಪೈಪಿನ ಮೇಲೆ ಬಿಳಿ ಹಿಮ ಕಂಡು ಮರುಗಿ, ಪಂಪಿಗೆ ತಮ್ಮ ಕಂಬಳಿಯನ್ನೇ ಸುತ್ತಿಬಿಟ್ಟಿದ್ದರು.

"ಗಣಿಯಲ್ಲಿ ನಮ್ಮ ಪಂಪು ಸೆಕೆಗೆ ಬೇಯ್ತಿತ್ತು ಸಾರ್. ಇದು ಪಾವಂ, ಚಳೀಲಿ ನಡುಗ್ತಾ ಇದೆ."

ಚೆನ್ನಾಗಿ ಬೈದೆ. ಆದರೆ ಕಂಬಳಿ ಹೊರಗಿನ ಶಾಖ ತಡೆದಿದ್ದರಿಂದ ಪಂಪು ಅವತ್ತು ಬೇಗ ತಣ್ಣಗಾಗಿ, ಗಲಾಟೆಯಿಲ್ಲದೆ ಓಡಿತು. ಮರುದಿನ ನಾನೇ ಹೋಗಿ ಕಂಬಳಿ ಕೇಳಿದೆ.

"ಕೊಡಲ್ಲ ಸಾರ್. ಇವತ್ತು ಚಳಿ ನನಗೆ" ಅಂದರು.

೨. ಲ್ಯಾಪ್‌ಟಾಪ್

ಇನ್ನೊಮ್ಮೆ ತಣ್ಣಗಾದ ಪಂಪೂ ಗರಗರ ಅಂತು. ಇಂಜಿನಿಯರ್ ಬಂದು ಲ್ಯಾಪ್‌ಟಾಪ್ ತೆರೆದು ಕೂತರು. ವಾಚ್‌ಮನ್ ಗೇಟಿನಿಂದಲೇ, "ಟ್ಯಾಂಕಲ್ಲಿ ಮಾಲು ಕಮ್ಮಿ ಸಾರ್, ಎಳೆಯೋಕೆ ಸಾಲ್ತಿಲ್ಲ" ಅಂದರು. ಮೀಟರು ಅರ್ಧ ತೋರಿಸುತ್ತಿತ್ತು, ಇಂಜಿನಿಯರ್ ನಕ್ಕರು. ವಾಚ್‌ಮನ್ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋಗಿ, ಮೀನು ಕೊಂಡು, ಮನೆಗೆ ಕೊಟ್ಟು ವಾಪಸ್ ಬಂದರು. ಆಗ ಇಂಜಿನಿಯರ್ ತಲೆಯೆತ್ತಿ, "ಮೀಟರ್ ಕೆಟ್ಟಿದೆ, ಟ್ಯಾಂಕ್ ಖಾಲಿಯಾಗ್ತಿದೆ" ಎಂದರು.

"ಹೌದಾ ಸಾರ್?" ಅಂದರು ವಾಚ್‌ಮನ್, ಒಂದಿಷ್ಟೂ ನಗದೆ.

೩. ಬೂದಿಕೋಟೆಯ ಅಜ್ಜಿ

ಹಸುಗಳಿಗೆ ಇಂಜೆಕ್ಷನ್‌ನಲ್ಲಿ ಗಬ್ಬ ಕಟ್ಟಿಸುವವರು ಹೋರಿಯ ಬೀಜವನ್ನು ಸಾರಜನಕದ ಕ್ಯಾನಿನಲ್ಲಿ ಇಟ್ಟುಕೊಳ್ಳುತ್ತಾರೆ. ಬೂದಿಕೋಟೆ ಕಡೆಯ ಅಂಥವನೊಬ್ಬ ಮಧ್ಯಾಹ್ನ ಓಡಿಬಂದ. ಕ್ಯಾನು ಬತ್ತುತ್ತಾ ಬಂದಿತ್ತು, ಪೂರ್ತಿ ಬತ್ತಿದರೆ ಬೀಜವೆಲ್ಲ ಸತ್ತಂತೆ. ಅವನ ಬೈಕಿನ ಹಿಂದೆ ಒಬ್ಬ ಅಜ್ಜಿ. ಅವಳ ಹಸು ಎರಡು ಸಲ ಗಬ್ಬ ಕಟ್ಟಿರಲಿಲ್ಲ, ಇವತ್ತು ಮತ್ತೆ ಬೆದೆಗೆ ಬಂದಿತ್ತು. ಇವನು ವಾಪಸ್ ಬರುತ್ತಾನೆಂಬ ನಂಬಿಕೆಯಿಲ್ಲದೆ ತಾನೇ ಹತ್ತಿ ಬಂದಿದ್ದಳು.

ಕರೆಂಟು ಹೋಗಿ ಬಂದು, ನನ್ನ ಪಂಪು ಬೆಚ್ಚಗಾಗಿ ಕೂತಿತ್ತು.

"ಆನ್ ಮಾಡ್ಲಾ, ಒತ್ತು ಮುಳುಗಿದ್ರೆ ಬೆದೆ ಓಗ್ಬುಡ್ತದೆ" ಅಂದಳು ಅಜ್ಜಿ.

ಗಾಬರಿಯಲ್ಲಿ ಸ್ವಿಚ್ಚು ಒತ್ತಿಯೇ ಬಿಟ್ಟೆ. ಜಲ್ಲಿ ಸದ್ದು. ತಕ್ಷಣ ನಿಲ್ಲಿಸಿ, ವಾಲ್ವು ತೆರೆದು, ತಣ್ಣನೆಯ ದ್ರವ ಪಂಪಿನೊಳಗೆ ಹರಿಯಲು ಬಿಟ್ಟು ಕೂತೆ. ಅವನು ನಿಮಿಷಕ್ಕೊಮ್ಮೆ ಕ್ಯಾನಿನ ಮುಚ್ಚಳ ತೆಗೆದು ಇಣುಕುತ್ತಿದ್ದ, ತೆಗೆದಷ್ಟೂ ಬೇಗ ಆರುತ್ತದೆ. ಅಜ್ಜಿ ಅವನ ಕೈಗೆ ಒಂದು ಬಿಟ್ಟು, "ಸುಮ್ಕಿರ್ಲಾ, ನೋಡ್ದ್ರೆ ತುಂಬ್ತದಾ?" ಅಂದಳು. ಅರ್ಧ ಗಂಟೆಯ ಮೇಲೆ ಪಂಪು ಮೆತ್ತಗೆ ಓಡಿತು, ಕ್ಯಾನು ತುಂಬಿತು, ಇಬ್ಬರೂ ಬೈಕ್ ಹತ್ತಿದರು.

ಮುಂದಿನ ವರ್ಷ ಅಜ್ಜಿ ಗಿಣ್ಣು ತಂದಳು. ಹೆಣ್ಣು ಕರು. ಖುಷಿಯಿಂದ ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಪಂಪಿಗೆ ಕುಂಕುಮ ಇಟ್ಟು, ಗಿಣ್ಣನ್ನು ಅದರ ಮುಂದಿಟ್ಟಳು.

"ಅಜ್ಜೀ, ಓಡಿಸಿದ್ದು ನಾನು."

"ನೀನೇನ್ಲಾ ಓಡಿಸ್ದೆ? ಅದು ತಣ್ಣಗಾಗೋಗಂಟ ಕುಂತಿದ್ದೆ, ಅಷ್ಟೇಯ."

ಹನ್ನೆರಡು ವರ್ಷದಿಂದ ನನ್ನ ಕೆಲಸ ಏನೆಂದು ಮನೆಯವರಿಗೆ ಬಿಡಿಸಿ ಹೇಳಲು ಆಗಿರಲಿಲ್ಲ. ಅಜ್ಜಿ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು.