ಮಾವನವರ ಪಿಸ್ತೂಲಿನ ಅಂಗಿ

ನಮ್ಮ ಮಾವನವರು ಈ ಜನ್ಮದಲ್ಲಿ ಒಂದು ಗುಬ್ಬಿಗೂ ಗುರಿ ಇಟ್ಟವರಲ್ಲ. ಅವರ ಬಳಿ ಪಿಸ್ತೂಲಿಲ್ಲ, ಅದರ ಲೈಸೆನ್ಸಿಲ್ಲ, ದೀಪಾವಳಿಗೆ ಲಕ್ಷ್ಮೀ ಪಟಾಕಿ ಹಚ್ಚುವ ಧೈರ್ಯವೂ ಇಲ್ಲ! ಆದರೆ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಚರ್ಮದ ಹೋಲ್‌ಸ್ಟರ್ ಇರುತ್ತದಲ್ಲ, ಅವು ಮಾತ್ರ ನಮ್ಮ ಪಡಸಾಲೆಯ ಗೋಡೆಯ ಮೇಲೆ ಹನ್ನೊಂದು ತೂಗುತ್ತಿವೆ. ಗ್ಯಾಸ್ ಸಿಲಿಂಡರ್ ತಂದ ಹೊಸ ಮನುಷ್ಯ ಅವನ್ನು ನೋಡಿದವನೇ ಸಿಲಿಂಡರನ್ನು ಕೂಸಿನಂತೆ ಮೆಲ್ಲಗೆ ಇಳಿಸಿ, "ಮೇಡಂ, ಸಾಹೇಬ್ರು ಪೊಲೀಸ್ನ್ಯಾಗ ಅದಾರೇನ್ರಿ?" ಎಂದು ಪಿಸುಗುಟ್ಟಿದ. "ಇಲ್ಲಪ್ಪಾ, ನೀರಾವರಿ ಆಫೀಸಿನ್ಯಾಗ ಕ್ಲಾರ್ಕ್ ಇದ್ರು" ಎಂದೆ. ಅವನು ನಂಬಲಿಲ್ಲ. ಅಂದಿನಿಂದ ನಮ್ಮ ಮನೆಗೆ ಸಿಲಿಂಡರ್ ಒಂದು ದಿನವೂ ತಡವಾಗಿಲ್ಲ!

ಇದು ಶುರುವಾದದ್ದು ನಿವೃತ್ತಿಯ ಮರುತಿಂಗಳು. ತಿಕೋಟಾದಲ್ಲಿ ದ್ರಾಕ್ಷಿ ತೋಟವಿರುವ ಅವರ ಗೆಳೆಯರೊಬ್ಬರು ಲೈಸೆನ್ಸ್ ಪಿಸ್ತೂಲು ಇಟ್ಟುಕೊಂಡಿದ್ದಾರೆ. ಅದರ ಹೋಲ್‌ಸ್ಟರಿನ ಹೊಲಿಗೆ ಬಿಚ್ಚಿತ್ತು. "ಸಿಟಿಯಾಗ ಯಾರ ಕಡೆಯಾದ್ರೂ ಹೊಲಿಸಿಕೊಂಡು ಬಾ" ಎಂದು ಕೊಟ್ಟರು. ಮಾವನವರು ಸ್ಟೇಷನ್ ರಸ್ತೆಯಲ್ಲಿ ಚಪ್ಪಲಿ ಹೊಲಿಯುವ ಮುದಿ ಉಸ್ತಾದರೊಬ್ಬರ ಮುಂದೆ ಕುಳಿತರು. ಬೆಳಿಗ್ಗೆ ಹೋದವರು ಊಟಕ್ಕೆ ಬರಲಿಲ್ಲ. ಸಂಜೆ ಬಂದಾಗ ಅವರ ಕೈಯಲ್ಲಿ ಒಂದು ಸುರುಳಿ ಚರ್ಮ, ಒಂದು ದಬ್ಬಣ, ಒಂದು ಮೇಣದ ಗಟ್ಟಿ, ಎರಡು ಸೂಜಿ. ಗೆಳೆಯರ ಹೋಲ್‌ಸ್ಟರನ್ನು ಮಾತ್ರ ಅಲ್ಲೇ ಮರೆತು ಬಂದಿದ್ದರು!

ಅವರು ಅದನ್ನು ಹೋಲ್‌ಸ್ಟರ್ ಎನ್ನುವುದಿಲ್ಲ, 'ಅಂಗಿ' ಎನ್ನುತ್ತಾರೆ. ಅಂಗಿ ಹೊಲಿದು, ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ನೆನೆಸಬೇಕು. ಚರ್ಮ ನಾದಿದ ಹಿಟ್ಟಿನಂತೆ ಮೆತ್ತಗಾದಾಗ ಅಂಗಿ ತೊಡುವ ವಸ್ತುವನ್ನು, ಪಿಸ್ತೂಲಾದರೆ ಅದರ ಕಟ್ಟಿಗೆಯ ಅಚ್ಚನ್ನು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಗೆ ತುರುಕಿ, ಅದರ ಒಂದೊಂದು ಉಬ್ಬು ತಗ್ಗನ್ನೂ ಬೆರಳಿನಿಂದ ಒತ್ತಿ ಮೂಡಿಸಬೇಕು. ಆಮೇಲೆ ಫ್ಯಾನಿನ ಕೆಳಗೆ ಒಂದು ಹಗಲು, ಒಂದು ರಾತ್ರಿ. ಅಷ್ಟು ಹೊತ್ತೂ ವಸ್ತು ಒಳಗೇ ಇರಬೇಕು. ಒಣಗಿದ ಚರ್ಮ ಬಿಗಿದುಕೊಂಡರೆ ಕಟ್ಟಿಗೆಯಷ್ಟು ಗಟ್ಟಿ. ತಲೆಕೆಳಗು ಮಾಡಿ ಝಾಡಿಸಿದರೂ ವಸ್ತು ಬೀಳಬಾರದು, ಅದೇ ಅವರ ಪರೀಕ್ಷೆ.

ನೆನೆಸುವುದು ಎಲ್ಲಿ ಅಂತೀರಿ? ನಾನು ಅಕ್ಕಿ ತೊಳೆಯುವ ಬೋಗುಣಿಯಲ್ಲಿ! ಒಮ್ಮೆ ಪಕ್ಕದ ಮನೆಯಾಕೆ ಸಕ್ಕರೆ ಕೇಳಲು ಬಂದವರು ಮುಚ್ಚಳ ತೆಗೆದು ಇಣುಕಿದರು. "ಅಯ್ಯ ಯವ್ವಾ, ಇಷ್ಟು ಛಂದ ಹೋಳಿಗಿ ಮಾಡಿ ನೀರಾಗ ಯಾಕ ಹಾಕಿರಬೇ?" ಎಂದರು. ಬಣ್ಣ ನಿಜವಾಗಿಯೂ ಹಾಗೆಯೇ ಇತ್ತು. ಆ ಬೋಗುಣಿಯನ್ನು ನಾನು ಅಂದೇ ಮಾವನವರಿಗೆ ದಾನ ಮಾಡಿಬಿಟ್ಟೆ.

ಅವರ ದೃಷ್ಟಿಯಲ್ಲಿ ನಾನು ದೊಡ್ಡ ಪರೀಕ್ಷಕಿ. ಕಾನ್ವೆಂಟಿನಲ್ಲಿ ಸಿಸ್ಟರು ನನಗೆ ಕಸೂತಿ ಕಲಿಸಿದ್ದಾರೆಂಬುದೇ ಅದಕ್ಕೆ ಕಾರಣ. ಮಾವನವರ ಹೊಲಿಗೆಯೆಂದರೆ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು, ಈ ಕಡೆಯಿಂದೊಂದು. ಇಂಚಿಗೆ ಏಳು ಹೊಲಿಗೆ. ಒಮ್ಮೆ ನಾನು ಕಸೂತಿಯ ಅಭ್ಯಾಸದಂತೆ ಹಿಂಬದಿ ತಿರುಗಿಸಿ ನೋಡಿ, "ಒಂಬತ್ತನೇದು ಸ್ವಲ್ಪ ಸೊಟ್ಟ ಆಗೇತ್ರಿ ಮಾವಾರ" ಎಂದೆ. ಹೇಳಬಾರದಿತ್ತು. ಅರವತ್ತು ಚಿಲ್ಲರೆ ಹೊಲಿಗೆಯನ್ನು ಮೊದಲಿನಿಂದ ಬಿಚ್ಚಿದರು! ಎರಡು ದಿನ ಕೂತು ಮತ್ತೆ ಹೊಲಿದರು. ಮೂರನೆಯ ದಿನ ಬಂದು "ಈಗ ನೋಡವ್ವಾ" ಎಂದಾಗ, ತಿರುಗಿಸಿ ಕೂಡ ನೋಡದೆ "ಭಾಳ ಛಲೋ ಆಗೇತ್ರಿ" ಎಂದುಬಿಟ್ಟೆ. ಸುಳ್ಳು ಹೇಳುವುದು ಪಾಪವೆಂದು ಸಿಸ್ಟರು ಕಲಿಸಿದ್ದರು, ನಿಜ. ಆದರೆ ಸಿಸ್ಟರಿಗೆ ಮಾವ ಇರಲಿಲ್ಲವಲ್ಲ!

ಊರಿನಲ್ಲಿ ಪಿಸ್ತೂಲು ಇರುವವರು ಎಷ್ಟು ಜನ? ಗಿರಾಕಿಗಳು ಬೇಗನೆ ಮುಗಿದರು. ಆಗ ತಿಕೋಟಾದ ಗೆಳೆಯರೇ ದಾರಿ ತೋರಿಸಿದರು. "ಪಿಸ್ತೂಲ ವರ್ಷಕ್ಕೊಮ್ಮಿ ತಗೀತೀನೋ ಮಾರಾಯಾ, ದ್ರಾಕ್ಷಿ ಕತ್ರಿ ದಿನಾ ತಗೀತೀನಿ. ಅದಕ್ಕೊಂದ ಅಂಗಿ ಹೊಲಿ!" ಈಗ ಚಾಟ್ನಿ ಹಂಗಾಮಿನಲ್ಲಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನಗಳಲ್ಲಿ, ತಿಕೋಟಾ, ಬಬಲೇಶ್ವರದ ತೋಟಗಳ ಹೆಣ್ಣುಮಕ್ಕಳು ಸೊಂಟದಿಂದ ಕತ್ತರಿಯನ್ನು ಥಟ್ಟನೆ ಸೆಳೆಯುವುದನ್ನು ನೋಡಬೇಕು! ಮನೆಯಲ್ಲಿ ಟಿವಿ ರಿಮೋಟಿಗೆ ಅಂಗಿ ಬಂತು, ಟಾರ್ಚಿಗೆ ಬಂತು, ನನ್ನ ಲಟ್ಟಣಿಗೆಗೂ ಬಂತು.

ಬಬಲೇಶ್ವರದ ಮದುವೆಯೊಂದರಲ್ಲಿ ಪಂಕ್ತಿಗೆ ಕುಳಿತಿದ್ದಾಗ ದೂರದ ಬೀಗರೊಬ್ಬರು ಎಲ್ಲರಿಗೂ ಕೇಳುವಂತೆ ಮೂಗು ಮುರಿದರು. "ಏನ್ರಿ, ಇಂಥಾ ಮನಿತನದಾವ್ರು ಚರ್ಮ ಹೊಲಿಯಾಕ ಕುಂತೀರಂತ?"

ಮಾವನವರು ಮೊದಲು ಬೀಗರು ಬಾಗಿಲಲ್ಲಿ ಬಿಟ್ಟ ಜೋಡನ್ನು ನೋಡಿದರು, ಆಮೇಲೆ ಅವರ ಮುಂದಿನ ಊಟದೆಲೆಯನ್ನು ನೋಡಿದರು. "ನಿಮ್ಮ ಕೆರಾ ಏನ ಬಾಳಿ ಎಲಿಲೆ ಮಾಡ್ಯಾರೇನ್ರಿ? ನನಗ ಹೊಲಗಿ ಕಲಿಸಿದಾವ್ರು ಸ್ಟೇಷನ್ ರೋಡಿನ್ಯಾಗ ಅದಾರ. ಬರ್ರಿ, ನಿಮಗೂ ಕಲಸ್ತಾರ."

ಬೀಗರು ಊಟ ಮುಗಿಸಿ ಹೋಗುವಾಗ ಜೋಡನ್ನು ಕೈಯಲ್ಲೇ ಹಿಡಿದುಕೊಂಡು ಹೋದರು!

ಇಷ್ಟಕ್ಕೂ ಬಗ್ಗದವರು ನಮ್ಮ ಅತ್ತೆ. ಇಷ್ಟು ವರ್ಷದಲ್ಲಿ ಒಂದು ಹೊಲಿಗೆಯನ್ನೂ ಹೊಗಳಿಲ್ಲ. "ತಮ್ಮ ಅಂಗಿ ಗುಂಡಿ ಹಚ್ಕೊಳಾಕ ಬರಂಗಿಲ್ಲ, ಪಿಸ್ತೂಲಿಗೆ ಅಂಗಿ ಹೊಲಿತಾರ!" ಇದು ದಿನದ ಮಂಗಳಾರತಿ. ಅವರಿಗೆ ಉಬ್ಬಸ. ಉಸಿರು ಕಟ್ಟಿದಾಗ ಬಾಯಿಗೆ ಹಿಡಿದು ಒತ್ತಿಕೊಳ್ಳುವ ಪಂಪು ಸದಾ ಹತ್ತಿರ ಇರಬೇಕು. ಆದರೆ ಅದು ಎಲ್ಲಿರುತ್ತದೆ? ಒಮ್ಮೆ ಜೋಳದ ಡಬ್ಬಿಯಲ್ಲಿ, ಒಮ್ಮೆ ದೇವರ ಜಗುಲಿಯಲ್ಲಿ, ಒಮ್ಮೆ ತೊಗರಿ ಬೇಳೆಯ ಜೊತೆ ಬಿಸಿಲಲ್ಲಿ! ಹುಡುಕುವಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬಂದಿರುತ್ತದೆ. ಮಾವನವರು ಒಂದು ದಿನ ಘೋಷಿಸಿದರು: "ಇದಕ್ಕೊಂದ ಅಂಗಿ ಹೊಲಿದು ನಿನ್ನ ನಡಕ್ಕ ಕಟ್ಟತೀನಿ."

ಯಾರಿಗೂ ಹೊಲಿಯದಷ್ಟು ಚಂದ ಹೊಲಿದರು. ಮೂರು ದಿನ ಹಿಡಿಯಿತು. ಅಂಚಿಗೆ ಇಳಕಲ್ ಸೀರೆಯ ದಡಿಯಂತೆ ಗೆರೆ ಬೇರೆ! ಆಮೇಲೆ ನೆನೆಸಿದರು, ಪಂಪನ್ನು ಒಳಗಿಟ್ಟು ಒತ್ತಿದರು, ಫ್ಯಾನಿನ ಕೆಳಗಿಟ್ಟರು.

ಆ ದಿನ ಅಪರೂಪಕ್ಕೆ ಎರಡು ಪಂಪುಗಳೂ ಗೋಡೆಯ ಗೂಡಿನಲ್ಲೇ ಇದ್ದವು. ಒಂದು ಹಳೆಯದು, ಖಾಲಿ. ಅತ್ತೆ ಏನನ್ನೂ ಎಸೆಯುವವರಲ್ಲ. ಇನ್ನೊಂದು ಮೊನ್ನೆ ತಂದದ್ದು. ಬೇರೆ ಯಾರಾದರೂ ಆಗಿದ್ದರೆ ಅಳತೆಗೆ ಹಳೆಯದನ್ನು ಎತ್ತಿಕೊಳ್ಳುತ್ತಿದ್ದರು. ನಮ್ಮ ಮಾವನವರು? ಹಳೆಯದರ ಮೂಲೆ ಸವೆದಿದೆ, ಅಂಗಿಯಲ್ಲಿ ಮೂಲೆ ಚೂಪಾಗಿ ಮೂಡುವುದಿಲ್ಲ ಎಂದು ಹೊಸದನ್ನೇ ಎತ್ತಿಕೊಂಡಿದ್ದರು! ಯಾರಿಗೂ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಪಕ್ಕದ ಮನೆಯಲ್ಲಿ ಖಾರ ಕುಟ್ಟಲು ಮೆಣಸಿನಕಾಯಿ ಹುರಿದರು. ಘಾಟು ಕಿಟಕಿಯಿಂದ ಬಂದದ್ದೇ ತಡ, ಅತ್ತೆಗೆ ಕೆಮ್ಮು, ಕೆಮ್ಮಿನ ಹಿಂದೆಯೇ ಸಿಳ್ಳಿನಂಥ ಉಸಿರು. ನಾನು ಗೂಡಿನಿಂದ ಪಂಪು ತಂದು ಕೊಟ್ಟೆ. ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಅವರ ತುಟಿ ಬೆಳ್ಳಗಾಗುತ್ತಿತ್ತು, ಮಂಚದ ಅಂಚನ್ನು ಹಿಡಿದ ಬೆರಳುಗಳೂ ಬೆಳ್ಳಗಾಗುತ್ತಿದ್ದವು.

"ಹೊಸಾದ ಎಲ್ಲೈತ್ರಿ?" ಎಂದು ಕೂಗಿದೆ. ಬಾಗಿಲಲ್ಲಿ ನಿಂತಿದ್ದ ಮಾವನವರ ಮುಖ ನೋಡಿದೆ. ಉತ್ತರ ಅಲ್ಲೇ ಇತ್ತು.

ಓಡಿ ಹೋಗಿ ತಂದರು. ಎಳೆದರು. ಬರಲಿಲ್ಲ. ತಲೆಕೆಳಗು ಮಾಡಿ ಝಾಡಿಸಿದರು. ಎಲ್ಲಿ ಬರುತ್ತದೆ! ಅವರ ಜೀವಮಾನದ ಅತ್ಯಂತ ಬಿಗಿಯಾದ ಅಂಗಿ ಅದು. ಔಷಧದ ಅಂಗಡಿ ಸೊಲ್ಲಾಪುರ ರಸ್ತೆಯ ಆ ಕಡೆ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಮಾವನವರು ಚರ್ಮ ಕೊಯ್ಯುವ ರಂಪಿಯನ್ನು ತೆಗೆದುಕೊಂಡಿದ್ದರು. ದಡಿಯ ಗೆರೆ, ಇಂಚಿಗೆ ಏಳರ ಹೊಲಿಗೆ, ಚೂಪು ಮೂಲೆ, ಎಲ್ಲವನ್ನೂ ಕರ್ರನೆ ಒಂದೇ ಎಳೆತಕ್ಕೆ ಸೀಳಿದರು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು ಪಂಪನ್ನು ಅತ್ತೆಯ ಬಾಯಿಗೆ ಹಿಡಿದರು.

ಒಂದು ಸಲ. ಇನ್ನೊಂದು ಸಲ. ಗಡಿಯಾರದ ಮುಳ್ಳು ಅಷ್ಟು ನಿಧಾನವಾಗಿ ನಡೆದದ್ದನ್ನು ನಾನೆಂದೂ ಕಂಡಿಲ್ಲ. ಸಿಳ್ಳು ಮೆಲ್ಲಗೆ ಸಣ್ಣದಾಯಿತು. ಅತ್ತೆಯ ಹೆಗಲು ಇಳಿಯಿತು. ತುಟಿಗೆ ಬಣ್ಣ ಬಂತು. ಅಬ್ಬಾ! ನನ್ನ ಕೈಯಲ್ಲಿ ಒಂದು ಚಪ್ಪಲಿ ಇನ್ನೂ ಇತ್ತು.

ಅತ್ತೆ ಕಣ್ಣು ತೆರೆದು ನೆಲದ ಮೇಲೆ ಬಿದ್ದ ಎರಡು ಹೋಳುಗಳನ್ನು ನೋಡಿದರು. ಈಗ ಮಂಗಳಾರತಿ ಖಂಡಿತ ಎಂದುಕೊಂಡೆ. ಅವರು ಉಸಿರು ಹಿಡಿದು ಹಿಡಿದು ಹೇಳಿದರು: "ಅಯ್ಯ... ಇಷ್ಟು ಛಂದ ಹೊಲದದ್ದು... ಹರದ್ರ್ಯಾ?"

ಮಾವನವರು ಮಂಚದ ಅಂಚಿಗೆ ಕುಳಿತು, ಅತ್ತೆಯ ಬೆನ್ನಿಗೆ ಕಿವಿ ಹಚ್ಚಿದರು. "ಮಾತಾಡಬ್ಯಾಡ. ಉಸುರ ತಗೋ. ಹಾಂ... ಇನ್ನೊಮ್ಮಿ ತಗೋ, ಕೇಳ್ತೀನಿ."

"ಸಾಕ ಬಿಡ್ರಿ, ಸೊಸಿ ನೋಡಾಕತ್ತಾಳ."

"ನೋಡ್ಲಿ. ಇನ್ನೊಮ್ಮಿ ತಗೋ."

ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಬಂದೆ. ಆ ದಿನ ನಮ್ಮ ಮನೆಯಲ್ಲಿ ಎರಡು ಕಪ್ ಚಹಾ ಕುದಿಯಲು ಬಹಳ ಹೊತ್ತು ಹಿಡಿಯಿತು.