ದಂಡಿರುವೆಯ ರಾಣಿ ಮತ್ತು ಅಮ್ಮನ ಮಡಿ ಸೀರೆ

"ಇವತ್ತು ರಾಣಿಯ ದರ್ಶನ ಆಗೋವರೆಗೂ ಈ ರಾಮಪ್ರಸಾದ ಕಾಫಿ ಕೂಡ ಮುಟ್ಟಲ್ಲ" ಎಂದು ಘೋಷಿಸಿ, ಎರಡನೆಯ ಲೋಟ ಕಾಫಿ ಮುಗಿಸಿ, ರಾಮಪ್ರಸಾದ ಹಿತ್ತಿಲಿಗೆ ಇಳಿದ.

ಆಫೀಸಿನಲ್ಲಿ ಟೈಪು ಕುಟ್ಟುವ ಈ ಗುಮಾಸ್ತನಿಗೆ ದಂಡಿರುವೆಯ ಹುಚ್ಚು. ಕಾಯಂ ಗೂಡಿಲ್ಲ, ಕಣ್ಣಿಲ್ಲ. ಸಾಲು ಹಿಡಿದು ಹೋಗಿ ಬೇರೆ ಇರುವೆಗಳ ಮೊಟ್ಟೆ ಮರಿ ದೋಚುವ ಅಲೆಮಾರಿ ಸೈನ್ಯ ಅದು. ಅದನ್ನು ಹುಡುಕುತ್ತ ಸಾರಕ್ಕಿ ಕೆರೆ ಏರಿಯ ಮೇಲೆ ಅಂಬೆಗಾಲಿಟ್ಟು, ಎಮ್ಮೆ ಮೇಯಿಸುವವರಿಂದ "ಏನ್ ಸಾಮಿ, ಉಂಗುರ ಬಿತ್ತಾ?" ಎಂದು ಕೇಳಿಸಿಕೊಂಡದ್ದೂ ಆಗಿತ್ತು. ಕಡೆಗೆ ಸೈನ್ಯ ಸಿಕ್ಕಿದ್ದು ಜಯನಗರದ ತನ್ನದೇ ಬಾಡಿಗೆ ಮನೆಯ ಒಗೆಯುವ ಕಲ್ಲಿನ ಕೆಳಗೆ! ಬಿಡಾರ ಬದಲಿಸುವಾಗ ಮಾತ್ರ ರಾಣಿ ಹೊರಗೆ ಬರುತ್ತಾಳೆ. ಇವತ್ತು ಬೆಳಗಿನಿಂದ ಕಲ್ಲಿನಡಿ ಗಂಟುಮೂಟೆ ಕಟ್ಟುವ ಗಡಿಬಿಡಿ ನಡೆದಿತ್ತು.

"ರೀ, ಒಳಗೆ ಬರಲ್ಲ ತಾನೆ?" ಎಂದಳು ಹೆಂಡತಿ ಸತ್ಯಭಾಮಾ.

"ನಿನ್ನ ಸಕ್ಕರೆ ಬೆಲ್ಲ ಅವಕ್ಕೆ ಕಸ. ಯೋಧರು ಕಣೇ ಅವು."

ಯೋಧರು ಸಕ್ಕರೆ ಮುಟ್ಟಲಿಲ್ಲ. ಹೊರಡುವ ಮುನ್ನ ಒಂದು ತುಕಡಿ ಮನೆಯ ಗೋಡೆಯ ಬಿರುಕಿಗೆ ನುಗ್ಗಿತು, ಅಷ್ಟೆ. ಅಲ್ಲಿ ಸಂಸಾರ ಹೂಡಿದ್ದ ಕಪ್ಪಿರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದವು. ಗೋಡೆ ಮುಗಿದಲ್ಲಿ ಬಿದಿರಿನ ಗಳು. ಗಳುವಿನ ಮೇಲೆ ಅಮ್ಮ ಚೂಡಾಮಣಿಯವರ ಮಡಿ ಸೀರೆ. ನಿರಾಶ್ರಿತರಿಗೆ ಇದಕ್ಕಿಂತ ಒಳ್ಳೆಯ ಛತ್ರ ಬೇಕೆ?

ಅಂದು ದ್ವಾದಶಿ. ಏಕಾದಶಿಯಿಡೀ ಉಪವಾಸವಿದ್ದ ಅಮ್ಮ ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ ಬಚ್ಚಲ ಬಾಗಿಲಿಗೆ ಬಂದು ಕತ್ತೆತ್ತಿದರು. ಮಡಿ ಸೀರೆ ಹರಿದಾಡುತ್ತಿತ್ತು.

"ರಾಮೂ, ಇದೇನೋ ಇದು?"

"ಇರುವೆ ಅಮ್ಮ. ಈಗ ಕೊಡವಿಬಿಡ್ತೀನಿ."

"ಮುಟ್ಟೀಯ ಜೋಕೆ. ಮೈಲಿಗೇಲಿ ಮುಟ್ಟಿದ್ರೆ ನಾನು ಉಡೋದೇನನ್ನ? ನೀನೂ ಸ್ನಾನ ಮಾಡಿ, ಒದ್ದೆ ಪಂಚೇಲಿ ಬಂದು ಕೊಡವು. ಹಸಿವಿಗೆ ಕಣ್ಣು ಕತ್ತಲೆ ಬರ್ತಿದೆ."

"ಅಮ್ಮ, ಅಲ್ಲಿ ರಾಣಿ ಹೊರಡೋ ಹೊತ್ತು..."

"ಯಾವ ರಾಣಿಯೋ? ಇಲ್ಲಿ ನಿಮ್ಮಮ್ಮ ನಡುಗ್ತಾ ನಿಂತಿದ್ದಾಳೆ."

ಹಂಡೆಯ ಬಿಸಿನೀರು ಆಗಲೇ ಖಾಲಿ. ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಸ್ಟೂಲು ಹತ್ತಿ ಅವನು ಸೀರೆ ಕೊಡವಿದ. ನಿರಾಶ್ರಿತರು ಬರಿಮೈ ಮೇಲೆ ಉದುರಿ, ಸಿಕ್ಕಲ್ಲಿ ಕಚ್ಚಿದರು. ಒಂದು ಪದರ ಬಿಡಿಸಿದರೆ ಇನ್ನೊಂದರಲ್ಲಿ ಹೆರಿಗೆ ವಾರ್ಡು!

ಅಂತೂ ಅಮ್ಮ ಸೀರೆ ಉಟ್ಟರು. ಮೈತುಂಬ ದದ್ದು ಹೊತ್ತು ರಾಮಪ್ರಸಾದ ಹಿತ್ತಿಲಿಗೆ ಓಡಿದ. ಕಲ್ಲಿನಡಿ ಒಂದು ನರಪಿಳ್ಳೆಯೂ ಇಲ್ಲ. ಸತ್ಯಭಾಮಾ ಮೆಟ್ಟಿಲ ಮೇಲೆ ಕೂತು ಪಾರಣೆಗೆ ಅಗಸೆ ಸೊಪ್ಪು ಬಿಡಿಸುತ್ತಿದ್ದಳು.

"ದಪ್ಪಗೆ, ಉದ್ದಕ್ಕೆ ಒಬ್ಳು ಹೋದ್ಲು ರೀ, ಸುತ್ತ ಗುಂಪು ಕಟ್ಕೊಂಡು. ಅವಳೇ ತಾನೆ ನಿಮ್ಮ ರಾಣಿ? ಪಕ್ಕದ ಖಾಲಿ ಸೈಟಿನ ಮುಳ್ಳುಪೊದೆಗೆ ನುಗ್ಗಿಬಿಟ್ಲು. ಬಚ್ಚಲ ಬಾಗಿಲಿಂದ ಅತ್ತೇನೂ ನೋಡಿದ್ರು. 'ಎಷ್ಟು ಜನ ಕೈಕೆಳಗೆ, ಪುಣ್ಯವಂತೆ' ಅಂದ್ರು."

"ನನ್ನ ಒಂದು ಕೂಗು ಕೂಗಬಾರದಿತ್ತೇನೇ?"

"ಹ್ಯಾಗೆ ಕೂಗ್ಲಿ? ನೀವು ಮಡೀಲಿದ್ರಲ್ಲ."