ಎಕ್ಸ್‌ಟ್ರಾ ಟೆನ್ಷನ್

ಕೆಟ್ಟು ನಿಂತ ಯಂತ್ರದೊಳಗೆ ಬೇಡದ್ದೊಂದು ಸೇರಿಕೊಂಡಿರುತ್ತದೆ, ಅದನ್ನು ಕಿತ್ತೆಸೆದರೆ ತಾನಾಗಿ ಓಡುತ್ತದೆ ಎಂಬುದು ಗಡಿಯಾರ ರಿಪೇರಿ ಮಾಡುವ ನಮ್ಮ ಗಡಿಯಾರದವರ ಜೀವನಸಿದ್ಧಾಂತ. ಅಂಗಡಿಯಲ್ಲಿ ಕೈಗಡಿಯಾರಗಳು ಈ ಸಿದ್ಧಾಂತಕ್ಕೆ ತಲೆಬಾಗುತ್ತಿದ್ದವು. ಮನೆಯ ಮಿಕ್ಸಿ ಮಾತ್ರ ಬಾಗಲಿಲ್ಲ. (ಅದೀಗ ಅಟ್ಟದ ಮೇಲೆ ವಿಶ್ರಾಂತ ಜೀವನ ನಡೆಸುತ್ತಿದೆ.)

ಆ ಭಾನುವಾರ ಅವರ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಅದು ಹೆಂಡತಿಯದು. ಆಕೆ ಕಂಪ್ಯೂಟರಿನಲ್ಲೇ ಹೊಲಿಗೆ ಪಾಠ ಹೇಳುತ್ತಿದ್ದರು. ಅಂದು ಹೊಸಬರಿಗೆ ಮೊದಲ ಪಾಠ, ಬಿಟ್ಟಿ. ಹಿಡಿಸಿದರೆ ಸೇರುತ್ತಾರೆ, ಇಲ್ಲದಿದ್ದರೆ ಕೈಮುಗಿದು ಹೋಗುತ್ತಾರೆ.

"ಬ್ರೌಸರ್ ಆಮೆ ಥರ ತೆವಳ್ತಿದೆ ಕಣ್ರೀ. ಇವತ್ತೇ ಹಿಂಗಾಗ್ಬೇಕಾ!" ಎಂದು ಗೊಣಗುತ್ತ ಆಕೆ ಸ್ನಾನಕ್ಕೆ ಹೋದರು.

ಗಡಿಯಾರದವರು ಕನ್ನಡಕ ಏರಿಸಿಕೊಂಡು ಕೂತರು. ಮೂಲೆಯ ಮೂರು ಚುಕ್ಕಿ ಒತ್ತಿದರು. ಎಕ್ಸ್‌ಟೆನ್ಷನ್ಸ್ ಎಂಬ ಪುಟ ತೆರೆದುಕೊಂಡಿತು. ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ಸಹಾಯಕರ ಪಟ್ಟಿ, ಒಂದೊಂದಕ್ಕೂ ಒಂದು ನೀಲಿ ಗುಂಡಿ. ಅಕ್ಷರ ದೊಡ್ಡದು ಮಾಡುವುದೊಂದು, ಚಿತ್ರ ಉಳಿಸಿಕೊಳ್ಳುವುದೊಂದು, ಜಾಹೀರಾತು ತಡೆಯುವುದೊಂದು.

"ತಡೆಯೋಕಂತ ಬಾಗಿಲಿಗೆ ಅಡ್ಡಡ್ಡ ಒಬ್ಬನ್ನ ಕೂರಿಸ್ಕೊಂಡು ನಿಧಾನ ಅಂದ್ರೆ!" ಎಂದು ಟಕ್ ಟಕ್ಕನೆ ಒತ್ತುತ್ತ ಹೋದರು. ನೀಲಿಯೆಲ್ಲ ಬೂದಿ ಬಣ್ಣವಾಯಿತು. ಆಮೆ ನಿಜಕ್ಕೂ ಮೊಲವಾಯಿತು.

ತಲೆ ಒರೆಸುತ್ತ ಬಂದ ಹೆಂಡತಿಗೆ ಖುಷಿಯೋ ಖುಷಿ. "ಅಯ್ಯೋ, ಏನು ಮಾಡಿದ್ರಿ?"

"ಎಕ್ಸ್‌ಟೆನ್ಷನ್ ಅಂದ್ರೇನೇ ಎಕ್ಸ್‌ಟ್ರಾ ಟೆನ್ಷನ್. ತೆಗೆದು ಬಿಸಾಕ್ದೆ."

"ಪರವಾಗಿಲ್ವೇ!" ಎಂದರು ಆಕೆ. ಮದುವೆಯಾದ ಮೇಲೆ ಇಂಥ ಪ್ರಶಸ್ತಿ ಸಿಕ್ಕಿದ್ದು ಇದೇ ಮೊದಲು. ಗಡಿಯಾರದವರು ಅದನ್ನು ಸವಿಯುತ್ತ, ಪಾಠ ನೋಡಲು ಬಾಗಿಲ ಬಳಿ ಕುರ್ಚಿ ಎಳೆದುಕೊಂಡರು.

ಪಾಠ ಶುರುವಾಯಿತು. ಹೆಂಡತಿ ತಮ್ಮ ಪರದೆಯನ್ನೇ ಎಲ್ಲರಿಗೂ ತೋರಿಸುತ್ತ, ಕಾಲರ್ ಕತ್ತರಿಸುವ ಚಿತ್ರವಿದ್ದ ಪುಟ ತೆರೆದರು. ಕಾಲರಿನ ಪಕ್ಕದಲ್ಲೇ ಒಂದು ಬೋಳುತಲೆ ಮೂಡಿತು. 'ನಿಮ್ಮ ಬೋಳು, ನಮ್ಮ ಸವಾಲು!'

ಗಡಿಯಾರದವರ ಕೈ ತಂತಾನೇ ನೆತ್ತಿಗೆ ಹೋಯಿತು. ಹೆಂಡತಿ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಅವರು ಇದೇ ಕಂಪ್ಯೂಟರಿನಲ್ಲಿ ಗುಟ್ಟಾಗಿ ಏನೇನೋ ಹುಡುಕಿದ್ದುಂಟು. ಅದನ್ನೆಲ್ಲ ಜಾಹೀರಾತಿನವರು ನೆನಪಿಟ್ಟುಕೊಂಡಿದ್ದರು; ತಡೆಯುವವನನ್ನು ಇವರೇ ಬಿಸಾಕಿದ್ದರು!

ಹೆಂಡತಿ ಅದನ್ನು ಮುಚ್ಚಿದರು. ಹೊಟ್ಟೆ ಕರಗಿಸುವ ಬೆಲ್ಟ್ ಬಂತು. ಅದನ್ನೂ ಮುಚ್ಚಿದರು. ಆಗ ಪರದೆ ತುಂಬ ಮೀಸೆಯವನೊಬ್ಬ ಎದ್ದು ನಿಂತು ಗುಡುಗಿದ: "ಹೆಂಡತಿ ಎದುರು ಮಾತೇ ಹೊರಡುತ್ತಿಲ್ಲವೇ? ಚಿಂತೆ ಬೇಡ! ನಮ್ಮ ಧೈರ್ಯ ಶಿಬಿರಕ್ಕೆ ಬನ್ನಿ! ಗಂಡಾಗಿ ಹಿಂದಿರುಗಿ!"

ಗಡಿಯಾರದವರು ಕುರ್ಚಿಯನ್ನು ಮೆಲ್ಲಗೆ ಬಾಗಿಲ ಮರೆಗೆ ಸರಿಸಿಕೊಂಡರು.

"ಟೀಚರ್," ಎಂದಿತು ಕಂಪ್ಯೂಟರಿನಿಂದ ಒಂದು ಹೆಣ್ಣುದನಿ, "ಇದೂ ಪಾಠದಲ್ಲಿ ಬರುತ್ತಾ?"

"ಇಲ್ಲಮ್ಮ. ಇದು ನಮ್ಮನೆಯವರ ಹೋಂವರ್ಕ್."

ಅಷ್ಟೇ! ನಗು ಉಕ್ಕಿ ಹರಿಯಿತು. ಟೀಚರ್ ತಮಾಷೆಯವರು, ಕಲಿತರೆ ಇವರ ಹತ್ತಿರವೇ ಕಲಿಯಬೇಕು ಎಂದು ಅಲ್ಲೇ ಎಲ್ಲರೂ ಸೇರಿಬಿಟ್ಟರು.

ಪಾಠ ಮುಗಿದ ಮೇಲೆ ಗಡಿಯಾರದವರು ಕಳ್ಳಬೆಕ್ಕಿನಂತೆ ಜಾರಿಕೊಳ್ಳುತ್ತಿದ್ದರು.

"ರೀ, ನಿಂತ್ಕೊಳ್ಳಿ." ನಿಂತರು. "ಕೂತ್ಕೊಳ್ಳಿ. ಎಲ್ಲಾ ಗುಂಡಿ ಮತ್ತೆ ನೀಲಿ ಮಾಡಿ." ಮಾಡಿದರು. ಕೊನೆಯ ಗುಂಡಿ ನೀಲಿಯಾಗುವ ಹೊತ್ತಿಗೆ ಆಕೆಯ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು. "ಅಷ್ಟು ಆಸೆ ಇದ್ರೆ ಆ ಶಿಬಿರಕ್ಕೆ ಸೇರ್ಕೋಬಾರ್ದಾ?"

ಗಡಿಯಾರದವರ ಪೌರುಷ ಕೆರಳಿತು. ಎದ್ದು ಎದೆಯುಬ್ಬಿಸಿದರು.

"ಸೇರೇ ಸೇರ್ತೀನಿ! ಅದಕ್ಕೆಲ್ಲ ನಾನೇನು ನಿನ್ನ ಅಪ್ಪಣೆ ಕೇಳ್ಬೇಕಾ?"

"ಬೇಡಪ್ಪ, ಕೇಳ್ಬೇಡಿ."

ಗಡಿಯಾರದವರು ಬಾಗಿಲವರೆಗೆ ಹೋದರು. ಹೊಸ್ತಿಲಲ್ಲಿ ನಿಂತರು. ತಿರುಗಿ, ಮೆಲ್ಲಗೆ ಕೆಮ್ಮಿದರು.

"ಹಾಗಾದ್ರೆ... ಹೋಗ್ಲಾ?"